ಹೂಗ್ಲಿಯ ಮೇಲಣ ಎರಡನೆಯ ಸೇತುವೆ

ನದಿಯ ದಂಡೆಯಲ್ಲಿ ಹುಟ್ಟಿ ಬೆಳೆದ ನಗರಗಳಿಗೆ ನದಿಯೇ ತಾಯಿ, ನದಿಯೇ ತೊಡಕು. ಬಂಗಾಳದ ಕಲ್ಕತ್ತೆಯ ಮಟ್ಟಿಗೆ ಈ ಮಾತು ವಿಶೇಷವಾಗಿ ಸಲ್ಲುತ್ತದೆ. (2001ರಿಂದ ಆ ನಗರದ ಅಧಿಕೃತ ನಾಮಧೇಯ ಕೋಲ್ಕತ್ತ. ಇಲ್ಲಿ ಹೇಳುವ ಸಂಗತಿಗಳಲ್ಲಿ ಬಹುಪಾಲು ಹಳೆಯ ಹೆಸರಿನ ಕಾಲಕ್ಕೆ ಸೇರಿದವಾದುದರಿಂದ ಹಳೆಯ ಹೆಸರನ್ನೇ ಬಳಸುವುದು ಉಚಿತ.) ಹೂಗ್ಲಿ ನದಿಯ ಪೂರ್ವದ ದಂಡೆಯಲ್ಲಿ ಕಲ್ಕತ್ತೆ; ಪಶ್ಚಿಮದ ದಂಡೆಯಲ್ಲಿ ಹೌರಾ. 1854ರಲ್ಲಿ ರೈಲು ಬಂದಿತು. ಆದರೆ ಅದು ಬಂದು ನಿಂತದ್ದು ಹೌರಾದಲ್ಲಿ. ಉತ್ತರ ಹಿಂದೂಸ್ಥಾನದಿಂದ ನೂರಾರು ಮೈಲಿ ಹಾದು ಬಂದ ಪ್ರಯಾಣಿಕನು ನಗರವನ್ನು ಕಣ್ಣೆದುರಿನಲ್ಲೇ ಕಂಡರೂ ಅದನ್ನು ಮುಟ್ಟಲು ದೋಣಿಗಾಗಿ ಕಾಯಬೇಕಾಗಿದ್ದಿತು.

ಈ ಅನಾನುಕೂಲವನ್ನು ನೀಗಲು 1874ರಲ್ಲಿ ಬ್ರಾಡ್‌ಫರ್ಡ್ ಲೆಸ್ಲಿ ಎಂಬ ಇಂಜಿನಿಯರನು ತೇಲುಸೇತುವೆಯೊಂದನ್ನು ನಿರ್ಮಿಸಿದನು. ಸಾಲಾಗಿ ಕಟ್ಟಿ ನಿಲ್ಲಿಸಿದ ತೆಪ್ಪಗಳ ಮೇಲೆ ಹಾಸಿದ, 1528 ಅಡಿ ಉದ್ದದ, 62 ಅಡಿ ಅಗಲದ ದಾರಿ ಅದು. ಹಡಗುಗಳು ಹಾದುಹೋಗಬೇಕಾದಾಗ ನಡುವಿನ 200 ಅಡಿಯನ್ನು ಬಿಚ್ಚಿ ಬದಿಗೆ ಸರಿಸುತ್ತಿದ್ದರು. ಆ ಹೊತ್ತಿನಲ್ಲಿ ಎರಡೂ ದಂಡೆಗಳಲ್ಲಿ ಗಾಡಿ, ಎತ್ತು, ಜನ ಎಲ್ಲವೂ ನಿಂತಲ್ಲೇ ನಿಲ್ಲುತ್ತಿದ್ದವು. ಕಟ್ಟುವಿಕೆ ಮುಗಿಯುವ ಮುನ್ನವೇ, ಅದೇ ವರ್ಷದ ಮಾರ್ಚಿ ತಿಂಗಳಲ್ಲಿ ಬೀಸಿದ ಬಿರುಗಾಳಿಗೆ ಸಿಕ್ಕಿ ಹಗ್ಗ ಹರಿದುಕೊಂಡ ಹಡಗೊಂದು ಬಂದು ಬಡಿದು ಸೇತುವೆಯ ಒಂದು ಭಾಗವನ್ನು ಕೆಡವಿದ್ದಿತು. ಹಾಗಿದ್ದರೂ ಈ ತಾತ್ಕಾಲಿಕ ಏರ್ಪಾಡು ಸುಮಾರು ಎಪ್ಪತ್ತು ವರ್ಷ ಬಾಳಿತು. ತಾತ್ಕಾಲಿಕವೆಂದು ಮಾಡಿದವುಗಳಿಗೆ ಈ ದೇಶದಲ್ಲಿ ಆಯುಷ್ಯ ಹೆಚ್ಚು.

ಶಾಶ್ವತ ಸೇತುವೆಯೊಂದನ್ನು ಕಟ್ಟಲು ಅಡ್ಡಿಯಾದುದು ನದಿಯ ಸ್ವಭಾವ. ಹೂಗ್ಲಿಯಲ್ಲಿ ಸಮುದ್ರದ ಭರತ ಇಳಿತಗಳು ನಗರವನ್ನೂ ದಾಟಿ ಮೇಲಕ್ಕೆ ಏರುತ್ತವೆ. ನೀರು ದಿನವೂ ಹೊತ್ತು ತರುವ ಹೂಳಿಗೆ ಲೆಕ್ಕವಿಲ್ಲ. ನದಿಯ ಮಧ್ಯದಲ್ಲಿ ಕಂಬಗಳನ್ನು ನಿಲ್ಲಿಸಿದರೆ ಪ್ರವಾಹ ತಡೆಯಲ್ಪಟ್ಟು ಅಲ್ಲಿ ಹೂಳು ಕೂಡುತ್ತದೆ. ಹೂಳು ಕೂಡಿದರೆ ಹಡಗಿನ ಹಾದಿ ಮುಚ್ಚುತ್ತದೆ. ಹಡಗಿನ ಹಾದಿ ಮುಚ್ಚಿದರೆ ಬಂದರನ್ನೇ ನಂಬಿದ ನಗರದ ಬದುಕು ಕೆಡುತ್ತದೆ. ಆದುದರಿಂದ ನೀರಿನಲ್ಲಿ ಕಾಲಿಡದೆ ದಂಡೆಯಿಂದ ದಂಡೆಗೆ ಒಂದೇ ನೆಗೆತದಲ್ಲಿ ದಾಟುವ ಸೇತುವೆ ಬೇಕಾಗಿದ್ದಿತು. ರಾಜೇಂದ್ರನಾಥ ಮುಖರ್ಜಿಯವರ ಅಧ್ಯಕ್ಷತೆಯ ಸಮಿತಿ 1921ರಲ್ಲಿ ಇದನ್ನು ಪರಿಶೀಲಿಸಿತು, 1926ರಲ್ಲಿ ಕಾಯಿದೆಯಾಯಿತು, ಕಟ್ಟುವ ಕೆಲಸ ಪ್ರಾರಂಭವಾದದ್ದು 1936ರಲ್ಲಿ.

ಹೀಗೆ ಬಂದ ಹೌರಾ ಸೇತುವೆಯ ಮಾತನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗುತ್ತದೆ. ಏಕೆಂದರೆ ಎರಡನೆಯ ಸೇತುವೆ ಹುಟ್ಟಿದ್ದು ಇದರ ನೆರಳಿನಲ್ಲಿ. ಚಾಚುತೊಲೆಯ ತತ್ತ್ವ ಇದರದು. ಮನೆಯ ಗೋಡೆಯಿಂದ ಹೊರಕ್ಕೆ ಚಾಚಿದ ಸೂರಿನ ತೊಲೆ ಬೀಳದಿರಲು ಅದರ ಒಳತುದಿಯ ಮೇಲೆ ಭಾರ ಕೂತಿರಬೇಕಷ್ಟೆ. ಅದೇ ರೀತಿ ಎರಡು ದಂಡೆಗಳ ಗೋಪುರಗಳಿಂದ ನದಿಯ ಮೇಲಕ್ಕೆ 468 ಅಡಿಯಂತೆ ಎರಡು ತೋಳುಗಳು ಚಾಚಿವೆ. ಅವುಗಳ ಹಿಂತುದಿಗಳನ್ನು ನೆಲಕ್ಕೆ ಬಿಗಿಯಲಾಗಿದೆ. ಆ ಎರಡು ತೋಳುಗಳ ತುದಿಗಳ ನಡುವೆ 564 ಅಡಿಯ ಇನ್ನೊಂದು ತುಂಡನ್ನು ತೂಗುಹಾಕಲಾಗಿದೆ. ಒಟ್ಟು 1500 ಅಡಿ, ಅಂದರೆ 457 ಮೀಟರು. ಈ ಸಂಖ್ಯೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಗೋಪುರಗಳ ಬುನಾದಿ ಇಳಿಸಿದ ಕಥೆ ರೋಮಾಂಚಕವಾದುದು. ಗಂಗೆಯ ಮುಖಜಭೂಮಿಯಲ್ಲಿ ಬಂಡೆ ಎಷ್ಟು ಅಗೆದರೂ ಸಿಗದು. ಜೇಡಿ ಮತ್ತು ಮರಳಿನ ಪದರಗಳೇ ಆಳ ಆಳಕ್ಕೆ ಇಳಿದುಹೋಗಿವೆ. ಅಂಥಲ್ಲಿ ಬುನಾದಿಗೆಂದು ಬಾವಿಯಂಥ ಟೊಳ್ಳು ಕಟ್ಟಡವನ್ನು ನೆಲದ ಮೇಲೆ ಕಟ್ಟಿ, ಒಳಗಿನ ಮಣ್ಣನ್ನು ತೋಡಿ ತೆಗೆಯುತ್ತ, ಅದು ತನ್ನ ಭಾರದಿಂದಲೇ ಕೆಳಗಿಳಿಯುವಂತೆ ಮಾಡುತ್ತಾರೆ. ಹೌರಾ ಸೇತುವೆಯ ಗೋಪುರದ ಬುನಾದಿಯೊಂದು 55 ಮೀಟರು ಉದ್ದ, 25 ಮೀಟರಿನಷ್ಟು ಅಗಲ. ಅದರೊಳಗೆ ಜೇನುಗೂಡಿನಂತೆ 21 ಕುಳಿಗಳು. ಹೌರಾದ ಕಡೆ ಇದನ್ನು 26 ಮೀಟರಿಗಿಂತ ಹೆಚ್ಚು, ಕಲ್ಕತ್ತೆಯ ಕಡೆ 31 ಮೀಟರಿಗಿಂತ ಹೆಚ್ಚು ಆಳಕ್ಕೆ ಇಳಿಸಲಾಯಿತು. ಕಲ್ಕತ್ತೆಯ ಕಡೆ ಮರಳು ಹರಿದು ಬರುತ್ತಿದ್ದುದರಿಂದ ಒತ್ತಿದ ಗಾಳಿಯನ್ನು ತುಂಬಿ, ಅದರೊಳಗೆ ಆಳುಗಳನ್ನು ಇಳಿಸಿ ಕೆಲಸ ಮಾಡಿಸಬೇಕಾಯಿತು. ಅಗೆತದಲ್ಲಿ ಲಂಗರುಗಳು, ತೋಪುಗಳು, ತೋಪಿನ ಗುಂಡುಗಳು, ಹಿತ್ತಾಳೆಯ ಪಾತ್ರೆಗಳು, ಈಸ್ಟ್ ಇಂಡಿಯಾ ಕಂಪೆನಿಯ ಕಾಲದ ನಾಣ್ಯಗಳು ದೊರೆತವು. ಒಂದು ಸಲವಂತೂ ಅಡಿಯ ಮಣ್ಣು ಥಟ್ಟನೆ ಕುಸಿದು ಇಡೀ ಕಟ್ಟಡ ಎರಡು ಅಡಿ ಕೆಳಕ್ಕೆ ಬಿದ್ದಿತು. ಆ ಹೊಡೆತವನ್ನು ಖಿದಿರ್‌ಪುರದ ಭೂಕಂಪಮಾಪಕ ಯಂತ್ರ ಭೂಕಂಪವೆಂದೇ ದಾಖಲಿಸಿತು! ದಂಡೆಯ ಮೇಲಿದ್ದ ದೇವಾಲಯವೊಂದು ಅದರಿಂದ ಹಾಳಾಗಿ, ಬಳಿಕ ಅದನ್ನು ಪುನಃ ಕಟ್ಟಿಸಿಕೊಡಬೇಕಾಯಿತು.

ವಿನ್ಯಾಸ ಇಂಗ್ಲೆಂಡಿನ ರೆಂಡೆಲ್, ಪಾಮರ್ ಮತ್ತು ಟ್ರಿಟನ್ ಸಂಸ್ಥೆಯದು. ಉಕ್ಕು ಮಾತ್ರ ಬಹುಪಾಲು ಇಲ್ಲಿಯದೇ. ಮಹಾಯುದ್ಧ ಆರಂಭವಾಗಿ ಸಮುದ್ರ ಮಾರ್ಗ ಕಠಿಣವಾದಾಗ, ಬೇಕಾದ 26,500 ಟನ್ನು ಉಕ್ಕಿನಲ್ಲಿ ಸುಮಾರು 23,000 ಟನ್ನನ್ನು ಜಮಷೆಡ್‌ಪುರದ ಟಾಟಾ ಕಾರ್ಖಾನೆ ಒದಗಿಸಿತು. ಅದನ್ನು ಕತ್ತರಿಸಿ, ತೂತು ಕೊರೆದು, ಜೋಡಿಸಿದ್ದು ಕಲ್ಕತ್ತೆಯ ಬ್ರೇತ್‌ವೇಟ್, ಬರ್ನ್ ಮತ್ತು ಜೆಸಪ್ ಎಂಬ ಮೂರು ಸಂಸ್ಥೆಗಳ ಕೂಟ. ಸೇತುವೆಯ ಚೌಕಟ್ಟಿನಲ್ಲಿ ಎಲ್ಲಿಯೂ ನಟ್ಟು ಬೋಲ್ಟುಗಳಿಲ್ಲ. ಕಾಯಿಸಿ ಬಡಿದ ರಿವೆಟ್ಟುಗಳಿಂದಲೇ ಎಲ್ಲವೂ ಬಿಗಿಗೊಂಡಿದೆ. (ಇದೇ ಕೂಟವು ಮುಂದೆ ಬಿಹಾರದ ಮೊಕಾಮೆಯ ಬಳಿ ಗಂಗಾನದಿಗೆ ಕಟ್ಟಿದ, 1959ರಲ್ಲಿ ತೆರೆದ ರಾಜೇಂದ್ರ ಸೇತುವೆಯ ಸ್ಥಳನಿರ್ಣಯಕ್ಕೆ ಆಧಾರವಾದುದು ತೊಂಬತ್ತು ದಾಟಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ಪರಿಶೀಲನೆ ಎಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ.)

1943ರ ಫೆಬ್ರವರಿ 3ರಂದು ಸೇತುವೆ ಸಂಚಾರಕ್ಕೆ ತೆರೆಯಿತು. ಆದರೆ ವಾದ್ಯವಿಲ್ಲ, ಭಾಷಣವಿಲ್ಲ, ತೋರಣವಿಲ್ಲ. ಎರಡು ತಿಂಗಳ ಹಿಂದೆ ಜಪಾನಿನ ವಿಮಾನಗಳು ಕಲ್ಕತ್ತೆಯ ಮೇಲೆ ಬಾಂಬು ಹಾಕಿದ್ದವು. ಶತ್ರುವಿನ ಕಣ್ಣು ಬೀಳದಿರಲೆಂದು ಕತ್ತಲಲ್ಲಿ ಒಂದು ಟ್ರಾಮುಗಾಡಿ ಮಾತ್ರ ಒಂಟಿಯಾಗಿ ಸೇತುವೆಯನ್ನು ದಾಟಿತು. 1946ರಲ್ಲಿ ಎಣಿಸಿದಾಗ ದಿನವೊಂದಕ್ಕೆ 27,400 ವಾಹನಗಳು, 1,21,100 ಪಾದಚಾರಿಗಳು, 2,997 ದನಗಳು ಅದರ ಮೇಲೆ ಹಾದುಹೋಗುತ್ತಿದ್ದವೆಂದು ತಿಳಿದುಬಂದಿತು. ದನಗಳನ್ನು ಒಂದನ್ನೂ ಬಿಡದೆ ಎಣಿಸಿದ ಆ ಗುಮಾಸ್ತನಿಗೆ ನಮಸ್ಕಾರ ಸಲ್ಲಬೇಕು.

ಮರುವರ್ಷವೇ ದೇಶ ವಿಭಜನೆಯಾಯಿತು. ಪೂರ್ವ ಬಂಗಾಳದಿಂದ ನಿರಾಶ್ರಿತರು ಲಕ್ಷಗಟ್ಟಲೆ ಬಂದು ನಗರವನ್ನು ತುಂಬಿದರು. ಹೌರಾ ಸೇತುವೆಗೆ 1965ರಲ್ಲಿ ಕವಿ ರವೀಂದ್ರರ ಹೆಸರಿಟ್ಟು ರವೀಂದ್ರ ಸೇತು ಎಂದು ಕರೆದರು. ಹೆಸರು ಬದಲಾದರೂ ಅದರ ಮೇಲಣ ಭಾರ ಕಡಿಮೆಯಾಗಲಿಲ್ಲ. ನಗರದ ನಡುಭಾಗದಲ್ಲಿ ನದಿಯನ್ನು ದಾಟಲು ಇನ್ನೊಂದು ದಾರಿ ಅನಿವಾರ್ಯವಾಯಿತು. ಅದಕ್ಕೆ ಆರಿಸಿದ ಸ್ಥಳ ಹೌರಾ ಸೇತುವೆಯಿಂದ ಕೆಲವು ಕಿಲೋಮೀಟರು ಕೆಳಗೆ, ಪ್ರಿನ್ಸೆಪ್ ಘಾಟ್.

ಈ ಘಾಟಿನ ಹೆಸರನ್ನು ಕೇಳಿಯೂ ಸುಮ್ಮನೆ ಮುಂದಕ್ಕೆ ಹೋಗುವುದು ಅಧ್ಯಾಪಕರಿಗೆ ಸಾಧ್ಯವಾಗದು. ಬ್ರಾಹ್ಮೀ ಲಿಪಿಯನ್ನು 1837ರಲ್ಲಿ ಓದಿ, ‘ದೇವಾನಾಂಪ್ರಿಯ’ನ ಶಾಸನಗಳಿಗೆ ಬಾಯಿ ಬರಿಸಿದ ಜೇಮ್ಸ್ ಪ್ರಿನ್ಸೆಪ್‌ನ ಸ್ಮರಣೆಗಾಗಿ 1843ರಲ್ಲಿ ಕಟ್ಟಿಸಿದ ಸೋಪಾನ ಅದು. ಆ ದೇವಾನಾಂಪ್ರಿಯನೇ ಅಶೋಕನೆಂಬುದಕ್ಕೆ ಶಾಸನದ ನೇರ ಸಾಕ್ಷ್ಯ ದೊರೆತದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಪ್ರಿನ್ಸೆಪ್‌ನು ಲಿಪಿತಜ್ಞನಷ್ಟೇ ಆಗಿರಲಿಲ್ಲ. ಕಾಶಿಯಲ್ಲಿದ್ದಾಗ ಕರ್ಮನಾಶಾ ನದಿಗೆ ಕಲ್ಲಿನ ಸೇತುವೆಯನ್ನು ಕಟ್ಟಿಸಿದವನು. ಅವನ ಹೆಸರಿನ ಮಂಟಪದ ಪಕ್ಕದಲ್ಲಿಯೇ ಹೊಸ ಸೇತುವೆ ಆಕಾಶಕ್ಕೆ ಏರಿದ್ದು ಕಾಕತಾಳೀಯವಾದರೂ ಹಿತವಾದ ಕಾಕತಾಳೀಯ.

ಪ್ರಧಾನಿ ಇಂದಿರಾ ಗಾಂಧಿಯವರು 1972ರ ಮೇ 20ರಂದು ಶಂಕುಸ್ಥಾಪನೆ ಮಾಡಿದರು. ಕಟ್ಟುವ ಕೆಲಸ ಮೊದಲಾದದ್ದು 1979ರ ಜುಲೈ 3ರಂದು. ಮುಗಿದು ತೆರೆದದ್ದು 1992ರ ಅಕ್ಟೋಬರ್ 10ರಂದು. ಶಂಕುಸ್ಥಾಪನೆಯ ದಿನ ಹುಟ್ಟಿದ ಮಗು ಸೇತುವೆಯನ್ನು ದಾಟುವ ಹೊತ್ತಿಗೆ ಇಪ್ಪತ್ತು ವರ್ಷದ ಪ್ರಾಯಕ್ಕೆ ಬಂದಿದ್ದಿತು. ಹೂಮಾಲೆ ಹಾಕಿ ನೆಟ್ಟ ಕಲ್ಲು ಒಂದೆಡೆ, ಕಟ್ಟಡ ಇನ್ನೆಲ್ಲೋ ಎಂಬ ಸ್ಥಿತಿ ಯಾವ ಸಾರ್ವಜನಿಕ ಕಾರ್ಯವನ್ನು ಕೈಗೊಂಡವರಿಗೂ ಹೊಸದಲ್ಲ. ಆದರೆ ಇಲ್ಲಿ ವಿಳಂಬದಿಂದಾದ ನಷ್ಟ ಹಣದ್ದಷ್ಟೇ ಆಗಿರಲಿಲ್ಲ. ಅದು ತಿಳಿಯಬೇಕಾದರೆ ಈ ಸೇತುವೆಯ ವಿನ್ಯಾಸದಲ್ಲಿ ಏನು ಹೊಸತಿದ್ದಿತು ಎಂಬುದನ್ನು ನೋಡಬೇಕು.

ವಿನ್ಯಾಸಕಾರ ಜರ್ಮನಿಯ ಯೋರ್ಗ್ ಶ್ಲೈಶ್. 1934ರಲ್ಲಿ ಜನಿಸಿದ ಈತ ಆಗ ಸ್ಟುಟ್‌ಗಾರ್ಟ್ ನಗರದ ಲಿಯೊನ್‌ಹಾರ್ಟ್ ಮತ್ತು ಆಂಡ್ರೆ ಸಂಸ್ಥೆಯಲ್ಲಿದ್ದನು. ಮ್ಯೂನಿಕ್‌ನಲ್ಲಿ 1972ರ ಒಲಿಂಪಿಕ್ ಕ್ರೀಡಾಂಗಣದ ಮೇಲೆ ಜೇಡನ ಬಲೆಯಂತೆ ಹರಡಿದ ಛಾವಣಿಯ ರಚನೆಯಲ್ಲಿ ಪ್ರಮುಖನಾಗಿದ್ದನು. 2021ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಲೋಕದ ಅಗ್ರಗಣ್ಯ ಇಂಜಿನಿಯರುಗಳಲ್ಲಿ ಒಬ್ಬನೆಂದು ಹೆಸರು ಪಡೆದಿದ್ದನು.

ಕಲ್ಕತ್ತೆಗೆ ಆರಿಸಿದ ರೀತಿ ಕೇಬಲ್ಲು ತಾಳಿದ ಸೇತುವೆಯದು. ಇದನ್ನು ತೂಗುಸೇತುವೆಯೆಂದು ಕರೆಯುವುದು ವಾಡಿಕೆಯಾದರೂ ಎರಡಕ್ಕೂ ಭೇದವಿದೆ. ತೂಗುಸೇತುವೆಯಲ್ಲಿ ಗೋಪುರದಿಂದ ಗೋಪುರಕ್ಕೆ ಮಾಲೆಯಂತೆ ಇಳಿಬಿದ್ದ ದಪ್ಪ ಹುರಿಯಿಂದ ರಸ್ತೆಯ ಹಾಸನ್ನು ತೂಗುಹಾಕುತ್ತಾರೆ. ಆ ಹುರಿಯ ಎರಡು ತುದಿಗಳನ್ನು ಹಿಡಿದಿಡಲು ನೆಲದಲ್ಲಿ ಬೆಟ್ಟದಂಥ ಆಧಾರ ಬೇಕು. ಹೂಗ್ಲಿಯ ಮೆತ್ತನೆಯ ಮಣ್ಣಿನಲ್ಲಿ ಅಂಥ ಆಧಾರವನ್ನು ಕಟ್ಟುವುದು ಬಹಳ ದುಬಾರಿಯಾದ ಕೆಲಸ. ಕೇಬಲ್ಲು ತಾಳಿದ ಸೇತುವೆಯಲ್ಲಾದರೋ ಗೋಪುರದ ನೆತ್ತಿಯಿಂದ ಹೊರಟ ನೇರವಾದ ಉಕ್ಕಿನ ಹುರಿಗಳು, ಬೀಸಣಿಗೆಯ ಕಡ್ಡಿಗಳಂತೆ ಹರಡಿ, ಹಾಸನ್ನು ಅಲ್ಲಲ್ಲಿ ಹಿಡಿದೆತ್ತುತ್ತವೆ. ಗೋಪುರದ ಆಚೆಯ ಭಾರ ಈಚೆಯ ಭಾರವನ್ನು ಬಹಳಮಟ್ಟಿಗೆ ಸರಿತೂಗುತ್ತದೆ. ಹುರಿಗಳು ಓರೆಯಾಗಿ ಎಳೆಯುವುದರಿಂದ ಹಾಸು ಉದ್ದಕ್ಕೂ ಗೋಪುರದತ್ತ ಒತ್ತಲ್ಪಡುತ್ತದೆ. ಈ ಒತ್ತಡವನ್ನು ಹಾಸು ತಾನೇ ತಡೆದುಕೊಳ್ಳುವುದರಿಂದ ನೆಲದ ಮೇಲೆ ಭಾರೀ ಎಳೆತ ಬೀಳುವುದಿಲ್ಲ. ಎರಡನೆಯ ಮಹಾಯುದ್ಧದ ತರುವಾಯ ಜರ್ಮನರು ಪರಿಪೂರ್ಣಗೊಳಿಸಿದ ವಿದ್ಯೆ ಇದು. 1950ರ ದಶಕದ ಮಧ್ಯದಲ್ಲಿ ಸ್ವೀಡನ್ನಿನ ಸ್ಟ್ರಾಮ್‌ಸುಂಡ್‌ನಲ್ಲಿ 183 ಮೀಟರು, 1957ರಲ್ಲಿ ಡ್ಯೂಸೆಲ್‌ಡಾರ್ಫ್‌ನಲ್ಲಿ 260 ಮೀಟರು, 1975ರಲ್ಲಿ ಫ್ರಾನ್ಸಿನ ಸೇಂ ನಜೇರ್‌ನಲ್ಲಿ 404 ಮೀಟರು – ಹೀಗೆ ಗೋಪುರಗಳ ನಡುವಣ ಹರವು ಬೆಳೆಯುತ್ತ ಬಂದಿದ್ದಿತು. ಕಲ್ಕತ್ತೆಗೆ ಯೋಜಿಸಿದ ಹರವು 457 ಮೀಟರು. ಹೌರಾ ಸೇತುವೆಯ ಅದೇ 1500 ಅಡಿ!

ಜರ್ಮನಿಯಲ್ಲಿ ಇಂಥ ಸೇತುವೆಗಳ ಹಾಸನ್ನೂ ಗೋಪುರವನ್ನೂ ಉಕ್ಕಿನ ತಗಡುಗಳನ್ನು ಬೆಸೆದು ಮಾಡುತ್ತಿದ್ದರು. ಕಲ್ಕತ್ತೆಯಲ್ಲಿ ಅದನ್ನೇ ಅನುಸರಿಸುವುದು ಸುಲಭವಾಗಿರಲಿಲ್ಲ. ಬೆಸುಗೆ ನೋಡಲು ಸರಳವಾದರೂ ಬಹಳ ನಾಜೂಕಿನ ಕೆಲಸ. ಉಕ್ಕಿನ ರಾಸಾಯನಿಕ ಗುಣ ಅದಕ್ಕೆ ಒಗ್ಗುವಂತಿರಬೇಕು. ಬೆಸೆಯುವವನ ಕೈ ಪಳಗಿರಬೇಕು. ಬೆಸೆದದ್ದನ್ನು ಒಳಹೊಕ್ಕು ಪರೀಕ್ಷಿಸುವ ಸಾಧನಗಳಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಉಕ್ಕು ಗಾಜಿನಂತೆ ಸೀಳಬಹುದು. ಬೆಲ್ಜಿಯಂನ ಹ್ಯಾಸೆಲ್ಟ್‌ನಲ್ಲಿ ಬೆಸುಗೆಯಿಂದ ಕಟ್ಟಿದ ಸೇತುವೆ 1938ರಲ್ಲಿ ಹಾಗೆಯೇ ಮುರಿದುಬಿದ್ದಿತು. ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ 1961ರಲ್ಲಿ ತೆರೆದ ಕಿಂಗ್ ಸ್ಟ್ರೀಟ್ ಸೇತುವೆಯ ತೊಲೆಗಳು ಮರುವರ್ಷದ ಚಳಿಗಾಲದ ಬೆಳಗಿನಲ್ಲಿ ಭಾರದ ಲಾರಿಯೊಂದರ ಅಡಿಯಲ್ಲಿ ಬಿರಿದವು. ಮುಂದುವರಿದ ದೇಶಗಳಿಗೇ ಹೀಗಾಗಿರುವಾಗ, ಆ ಕಾಲದಲ್ಲಿ ಬೆಸುಗೆಗೆ ತಕ್ಕ ಉಕ್ಕೂ ಅಷ್ಟು ದೊಡ್ಡ ಕೆಲಸದ ಅನುಭವವೂ ಸಾಕಷ್ಟಿಲ್ಲದ ಕಡೆ ಎಚ್ಚರ ಅಗತ್ಯವಾಗಿದ್ದಿತು.

ಇಲ್ಲಿ ಇದ್ದದ್ದು ಬೇರೆ ವಿದ್ಯೆ. ಹೌರಾ ಸೇತುವೆಯನ್ನು ಕಟ್ಟಿದ ಕಾರ್ಖಾನೆಗಳು ಅಲ್ಲಿಯೇ ಇದ್ದವು. ರಿವೆಟ್ಟು ಬಡಿಯುವ ಕೈಗಳು ಇದ್ದವು. ರಿವೆಟ್ಟಿನ ಕೆಲಸವನ್ನು ಕಂಡವರು ಈಗ ವಿರಳವಾದುದರಿಂದ ಅದನ್ನು ವಿವರಿಸುವುದು ಒಳ್ಳೆಯದು. ಜೋಡಿಸಬೇಕಾದ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದಿಟ್ಟು, ತೂತುಗಳನ್ನು ಸರಿಯಾಗಿ ಹೊಂದಿಸುತ್ತಾರೆ. ಒಂದೆಡೆ ತಲೆಯುಳ್ಳ ಗುಂಡನೆಯ ಉಕ್ಕಿನ ಮೊಳೆಯನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ತೂತಿನೊಳಗೆ ತೂರಿಸುತ್ತಾರೆ. ಒಬ್ಬನು ತಲೆಯನ್ನು ಒತ್ತಿ ಹಿಡಿದರೆ ಇನ್ನೊಬ್ಬನು ಆಚೆಯ ತುದಿಯನ್ನು ಬಡಿದು ಅಲ್ಲಿಯೂ ತಲೆ ಮೂಡಿಸುತ್ತಾನೆ. ತಣ್ಣಗಾಗುತ್ತ ಮೊಳೆ ಕುಗ್ಗುತ್ತದೆ; ಕುಗ್ಗುತ್ತ ಹಲಗೆಗಳನ್ನು ಅಪ್ಪಿ ಬಿಗಿಯುತ್ತದೆ. ಕಾಯಿಸುವವನು, ಹಿಡಿಯುವವನು, ಬಡಿಯುವವನು ಈ ಎಲ್ಲರೂ ಒಂದೇ ಉಸಿರಿನವರಂತೆ ಕೆಲಸ ಮಾಡಬೇಕು. ಕಬ್ಬಿಣ ಕಾದಿರುವ ಕೆಲವು ಕ್ಷಣಗಳಲ್ಲಿಯೇ ಎಲ್ಲವೂ ಮುಗಿಯಬೇಕು. ಇದು ನಿಧಾನದ ಕೆಲಸ, ಬಹು ಜನರನ್ನು ಬೇಡುವ ಕೆಲಸ; ಹೀಗಾಗಿಯೇ ಕೂಲಿ ದುಬಾರಿಯಾದ ದೇಶಗಳು ಅದನ್ನು ಕೈಬಿಟ್ಟಿದ್ದವು. ಕೆಲಸ ಬೇಡುವ ಕೈಗಳು ಲಕ್ಷೋಪಲಕ್ಷವಾಗಿದ್ದ ಕಲ್ಕತ್ತೆಯಲ್ಲಿ ಅದು ದೋಷವಾಗಿರಲಿಲ್ಲ. ಇನ್ನೊಂದು ಗುಣವೂ ಅದಕ್ಕೆ ಉಂಟು: ಬೆಸೆದ ತೊಲೆಯಲ್ಲಿ ಹುಟ್ಟಿದ ಬಿರುಕಿಗೆ ತಡೆಯಿಲ್ಲದೆ ತೊಲೆಯನ್ನೇ ಸೀಳಿ ಸಾಗುವ ಹಾದಿಯಿದೆ, ರಿವೆಟ್ಟಿನ ತೊಲೆ ಬೇರೆಬೇರೆ ಹಲಗೆಗಳ ಕಟ್ಟಾದುದರಿಂದ ಒಂದರ ಬಿರುಕು ಇನ್ನೊಂದಕ್ಕೆ ಸುಲಭವಾಗಿ ದಾಟದು.

ಶ್ಲೈಶ್ ತನ್ನ ವಿನ್ಯಾಸವನ್ನು ಈ ಕೈಗಳಿಗೆ ತಕ್ಕಂತೆ ರೂಪಿಸಿದನು. ಜಗತ್ತಿನಲ್ಲೇ ಅತಿ ಹೊಸದಾದ ಸೇತುವೆಯ ಬಗೆಯನ್ನು ಬಹು ಹಳೆಯದೆಂದು ಕೈಬಿಟ್ಟಿದ್ದ ಜೋಡಣೆಯಿಂದ ಕಟ್ಟಬೇಕಾಗಿ ಬಂದಾಗ, ಹಾಸಿನ ಮೇಲ್ಮೈಗೂ ಬೇರೆ ಉಪಾಯ ಬೇಕಾಯಿತು. ಯೂರೋಪಿನಲ್ಲಿ ರಸ್ತೆಯ ಅಡಿಗೆ ನೂರಾರು ಪಟ್ಟಿಗಳನ್ನು ಬೆಸೆದ ಉಕ್ಕಿನ ತಗಡನ್ನು ಹಾಸುತ್ತಿದ್ದರು. ಇಲ್ಲಿ ಉಕ್ಕಿನ ತೊಲೆಗಳ ಜಾಲದ ಮೇಲೆ ಕಾಂಕ್ರೀಟಿನ ಹಾಸನ್ನು ಹಾಕಿ, ಎರಡೂ ಒಂದೇ ಅಂಗವಾಗಿ ಭಾರ ಹೊರುವಂತೆ ಮಾಡಲಾಯಿತು. ಓರೆಯ ಹುರಿಗಳಿಂದ ಬರುವ ಒತ್ತಡವನ್ನು ಹೊರಲು ಕಾಂಕ್ರೀಟು ಬಹಳ ಯೋಗ್ಯ. ಎಳೆದರೆ ಬಿರಿಯುವ ಅದು ಒತ್ತಿದರೆ ಕಲ್ಲಿನಂತೆ ತಡೆಯುತ್ತದೆ. ಬೆಲೆಯೂ ಉಕ್ಕಿಗಿಂತ ಬಹಳ ಅಗ್ಗ. ಬಡತನಕ್ಕೆ ಒಗ್ಗಿಸಿಕೊಂಡು ಮಾಡಿದ ಈ ಏರ್ಪಾಡು ಅಷ್ಟು ದೊಡ್ಡ ಹರವಿನಲ್ಲಿ ಅದುವರೆಗೆ ಎಲ್ಲಿಯೂ ಬಳಕೆಯಾಗಿರಲಿಲ್ಲ. ಶ್ರೀಮಂತ ದೇಶಗಳಿಗೂ ಅದು ಲಾಭದಾಯಕವೆಂಬುದು ಬೇಗನೆ ತಿಳಿದುಬಂದಿತು.

ವಿಳಂಬದ ನಿಜವಾದ ಬೆಲೆ ಕಾಣುವುದು ಇಲ್ಲಿಯೇ. ಸೇತುವೆ 1980ರ ಆಸುಪಾಸಿನಲ್ಲಿ ಮುಗಿದಿದ್ದರೆ ಕೇಬಲ್ಲು ತಾಳಿದ ಸೇತುವೆಗಳಲ್ಲಿ ಪ್ರಪಂಚದಲ್ಲೇ ಅತಿ ದೊಡ್ಡ ಹರವಿನ ಸೇತುವೆ ಹೂಗ್ಲಿಯದಾಗುತ್ತಿದ್ದಿತು. ಅದು ಇನ್ನೂ ದಂಡೆಯಲ್ಲಿರುವಾಗಲೇ ಕೆನಡಾದ ವ್ಯಾಂಕೂವರ್ ಬಳಿ ಇದೇ ಬಗೆಯ, ಉಕ್ಕಿನ ತೊಲೆ ಮತ್ತು ಕಾಂಕ್ರೀಟು ಕೂಡಿದ ಹಾಸಿನ, 465 ಮೀಟರು ಹರವಿನ ಅಲೆಕ್ಸ್ ಫ್ರೇಸರ್ ಸೇತುವೆ 1986ರಲ್ಲಿ ತೆರೆಯಿತು. ಹೂಗ್ಲಿಗಿಂತ ಎಂಟು ಮೀಟರು ಹೆಚ್ಚು. ಆಮೇಲೆ 1991ರಲ್ಲಿ ನಾರ್ವೆಯಲ್ಲಿ 530 ಮೀಟರಿನದು ಬಂದಿತು. ಕಲ್ಕತ್ತೆಗಾಗಿ ಯೋಚಿಸಿದ ವಿಚಾರ ಪಶ್ಚಿಮದಲ್ಲಿ ರೂಢಿಯಾಗಿಹೋದ ಬಳಿಕ ಕಲ್ಕತ್ತೆಯ ಸೇತುವೆ ತೆರೆಯಿತು. ಪಠ್ಯಗ್ರಂಥಗಳ ಪಟ್ಟಿಗಳಲ್ಲಿ ತೆರೆದ ವರ್ಷವನ್ನು ನೋಡಿ ಹೆಸರನ್ನು ಬರೆಯುತ್ತಾರೆ. ಯೋಚಿಸಿದ ವರ್ಷವನ್ನು ನೋಡುವವರು ವಿರಳ. ಈ ಅನ್ಯಾಯಕ್ಕೆ ಯಾರೊಬ್ಬರನ್ನೂ ದೂರುವಂತಿಲ್ಲವೆಂಬುದು ನಿಜವಾದರೂ, ಅನ್ಯಾಯವಲ್ಲವೆಂದು ಹೇಳುವಂತೆಯೂ ಇಲ್ಲ.

ಹದಿಮೂರು ವರ್ಷ ನಡೆದ ಕಟ್ಟುವ ಕೆಲಸದಲ್ಲಿ ಹೌರಾ ಸೇತುವೆಯ ಅದೇ ಸಂಸ್ಥೆಗಳ ಕೂಟ ತೊಡಗಿದ್ದಿತು. ಬಾವಿಯಂಥ ಬುನಾದಿಗಳ ಮೇಲೆ ಸುಮಾರು 128 ಮೀಟರು ಎತ್ತರದ ಉಕ್ಕಿನ ಗೋಪುರಗಳು ಎದ್ದವು. ನಡುವಣ ಹರವಿನ ಎರಡು ಬದಿಗಳಲ್ಲಿ 183 ಮೀಟರಿನ ಒಂದೊಂದು ಹರವು. ಒಟ್ಟು 823 ಮೀಟರು. ಹಾಸಿನ ಅಗಲ 35 ಮೀಟರು. ಹೋಗಲು ಮೂರು ಸಾಲು, ಬರಲು ಮೂರು ಸಾಲು. ಇಂಥ ಸೇತುವೆಯ ನಡುಭಾಗವನ್ನು ಕಟ್ಟುವ ಕ್ರಮ ನೋಡಲು ಎದೆ ಝಲ್ಲೆನ್ನುವಂಥದು. ಕೆಳಗಿನಿಂದ ಆಧಾರವಿಲ್ಲ, ಗೋಪುರದ ಬಳಿಯಿಂದ ಒಂದು ತುಂಡು ಹಾಸನ್ನು ಮುಂದಕ್ಕೆ ಜೋಡಿಸುವುದು, ಅದನ್ನು ಹುರಿಯಿಂದ ಎತ್ತಿ ಹಿಡಿಯುವುದು, ಅದರ ಮೇಲೆ ನಿಂತು ಮುಂದಿನ ತುಂಡನ್ನು ಜೋಡಿಸುವುದು. ಎರಡು ಕಡೆಯಿಂದಲೂ ಹೀಗೆ ಶೂನ್ಯದೊಳಕ್ಕೆ ಚಾಚುತ್ತ ಬಂದ ಭಾಗಗಳು ನದಿಯ ನಡುವೆ ಕೂಡಬೇಕು. ಬಿಸಿಲಿಗೆ ಉಕ್ಕು ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಪ್ರತಿ ತುಂಡು ಸೇರಿದಾಗಲೂ ಹಿಂದಿನ ಹುರಿಗಳ ಬಿಗಿ ಬದಲಾಗುತ್ತದೆ. ಇವೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಪ್ರತಿಯೊಂದು ಹುರಿಯನ್ನು ಎಷ್ಟು ಬಿಗಿಯಬೇಕೆಂದು ಮುಂಚೆಯೇ ಗಣಿತದಿಂದ ತಿಳಿದಿರಬೇಕು.

ಒಟ್ಟು ವೆಚ್ಚ 388 ಕೋಟಿ ರೂಪಾಯಿ. ಇಟ್ಟ ಹೆಸರು ವಿದ್ಯಾಸಾಗರ ಸೇತು. ವಿಧವೆಯರ ಮರುವಿವಾಹಕ್ಕಾಗಿ ಹೋರಾಡಿದ, ಬಂಗಾಳಿ ಮಕ್ಕಳ ಅಕ್ಷರಾಭ್ಯಾಸಕ್ಕೆ ಪುಸ್ತಕ ಬರೆದ ಈಶ್ವರಚಂದ್ರ ವಿದ್ಯಾಸಾಗರರು ಶಾಲಾ ಅಧ್ಯಾಪಕರ ಕುಲದವರು. ನದಿಯ ಒಂದು ಸೇತುವೆಗೆ ಕವಿಯ ಹೆಸರು, ಇನ್ನೊಂದಕ್ಕೆ ಉಪಾಧ್ಯಾಯನ ಹೆಸರು. ಬಂಗಾಳಿಗಳ ಈ ಅಭಿರುಚಿ ಮೆಚ್ಚತಕ್ಕದ್ದು.

ಈ ಕೆಲಸ ವಿನ್ಯಾಸಕಾರನ ಮೇಲೂ ತನ್ನ ಗುರುತನ್ನು ಉಳಿಸಿತು. ಕಲ್ಕತ್ತೆಗೆ ಬಂದುಹೋಗುತ್ತಿದ್ದ ಕಾಲದಲ್ಲಿ ಅಲ್ಲಿಯ ಬಡತನವನ್ನು ಕಣ್ಣಾರೆ ಕಂಡ ಶ್ಲೈಶ್, ಬಡ ದೇಶಗಳು ತಮ್ಮಲ್ಲಿ ಹೇರಳವಾಗಿರುವ ಬಿಸಿಲಿನಿಂದಲೇ ವಿದ್ಯುತ್ತನ್ನು ಪಡೆಯುವ ಉಪಾಯವನ್ನು ಅರಸತೊಡಗಿದನು. ಬಿಸಿಲಿಗೆ ಕಾದ ಗಾಳಿ ಎತ್ತರದ ಕೊಳವೆಯಲ್ಲಿ ಮೇಲೇರುವಾಗ ರಾಟೆಯನ್ನು ತಿರುಗಿಸುವಂತೆ ಮಾಡಿದ, ಸುಮಾರು 195 ಮೀಟರು ಎತ್ತರದ ಪ್ರಾಯೋಗಿಕ ಸ್ತಂಭವೊಂದನ್ನು ಅವನು 1980ರ ದಶಕದ ಆರಂಭದಲ್ಲಿ ಸ್ಪೇನಿನ ಮಂಜನಾರೆಸ್ ಎಂಬಲ್ಲಿ ನಿಲ್ಲಿಸಿದನು. ಅದು ಕೆಲವು ವರ್ಷ ನಡೆದು 1989ರಲ್ಲಿ ಗಾಳಿಗೆ ಬಿದ್ದುಹೋಯಿತು. ಸೇತುವೆಗಳಿಂದ ಬಂದ ಕೀರ್ತಿಗಿಂತ ಈ ಬಿಸಿಲಿನ ಯೋಚನೆಯೇ ಅವನಿಗೆ ಹೆಚ್ಚು ಪ್ರಿಯವಾಗಿದ್ದಿತೋ ಏನೋ. ಕೊನೆಯವರೆಗೂ ಅದನ್ನು ಬಿಡಲಿಲ್ಲ.

ಎರಡನೆಯ ಸೇತುವೆ ಬಂದ ಮರುವರ್ಷ, 1993ರಲ್ಲಿ, ಹಳೆಯ ಹೌರಾ ಸೇತುವೆಯ ಮೇಲೆ ಟ್ರಾಮುಗಳ ಓಡಾಟವನ್ನು ನಿಲ್ಲಿಸಿ ಅದರ ಭಾರವನ್ನು ಇಳಿಸಿದರು. ಆದರೂ ಅದಕ್ಕೆ ವಿಶ್ರಾಂತಿಯೆಂಬುದಿಲ್ಲ. ಬಾಂಬಿಗೂ ಬಿರುಗಾಳಿಗೂ ಅಂಜದಿದ್ದ ಆ ಉಕ್ಕನ್ನು ಪಾದಚಾರಿಗಳ ಬಾಯಿ ತಿಂದಿತು: ಹಾಸನ್ನು ತೂಗಿ ಹಿಡಿದ ಕಂಬಗಳ ಬುಡಕ್ಕೆ ಹಾಕಿದ್ದ ಉಕ್ಕಿನ ಕವಚಗಳು ಜನರು ಉಗುಳಿದ ಎಲೆಯಡಿಕೆ, ಗುಟ್ಕಾಗಳ ರಸದಿಂದ ಸವೆದು, 2007ರಲ್ಲಿ 6 ಮಿಲಿಮೀಟರಿದ್ದ ದಪ್ಪ 2011ರ ಹೊತ್ತಿಗೆ 3 ಮಿಲಿಮೀಟರಿಗಿಂತಲೂ ಕಡಿಮೆಯಾಗಿದ್ದಿತು. ಕಡೆಗೆ ಬುಡಗಳಿಗೆ ನಾರುಗಾಜಿನ ಹೊದಿಕೆ ಹಾಕಬೇಕಾಯಿತು. ಇದನ್ನು ಓದಿ ನಗುವುದೋ ನಾಚುವುದೋ ತಿಳಿಯದು.

ವಿದ್ಯಾಸಾಗರ ಸೇತುವಿನ ಪಶ್ಚಿಮದ ತುದಿಯಲ್ಲಿ ಹೊಸ ಊರುಗಳು ಬೆಳೆದವು. 2013ರಲ್ಲಿ ಪಶ್ಚಿಮ ಬಂಗಾಳದ ಸಚಿವಾಲಯವೇ ನದಿಯನ್ನು ದಾಟಿ ಅದರ ಸಮೀಪದ ‘ನಬಾನ್ನ’ ಎಂಬ ಕಟ್ಟಡಕ್ಕೆ ಬಂದಿತು. ಎರಡು ಶತಮಾನಕ್ಕೂ ಹೆಚ್ಚು ಕಾಲ ಪೂರ್ವದ ದಂಡೆಯನ್ನು ಬಿಟ್ಟು ಕದಲದಿದ್ದ ಅಧಿಕಾರ ಸೇತುವೆಯ ದಾರಿಯಲ್ಲಿ ಆಚೆಗೆ ಹೋಯಿತು. 2024ರಲ್ಲಿ ನದಿಯ ತಳದ ಸುರಂಗದಲ್ಲಿ ಮೆಟ್ರೊ ರೈಲು ಕೂಡ ಓಡಲಾರಂಭಿಸಿತು.

ಮೂವತ್ತು ವರ್ಷ ಎಳೆತವನ್ನು ಸಹಿಸಿದ ಹುರಿಗಳಲ್ಲಿ ಕೆಲವನ್ನು ಬದಲಿಸುವ ಸಲುವಾಗಿ 2023ರ ಕೊನೆಯಲ್ಲಿ ಸೇತುವೆಯ ಸಾಲುಗಳಲ್ಲಿ ಕೆಲವನ್ನು ಮುಚ್ಚಿ, ಭಾರದ ಲಾರಿಗಳನ್ನು ಬೇರೆ ದಾರಿಗೆ ತಿರುಗಿಸಲಾಯಿತು. ಈ ಬಗೆಯ ಸೇತುವೆಯಲ್ಲಿ ಒಂದು ಹುರಿಯನ್ನು ಕಳಚಿ ಇನ್ನೊಂದನ್ನು ಹಾಕಬಹುದು. ಆ ಹೊತ್ತಿನ ಮಟ್ಟಿಗೆ ಅಕ್ಕಪಕ್ಕದ ಹುರಿಗಳು ಅದರ ಪಾಲಿನ ಭಾರವನ್ನು ವಹಿಸಿಕೊಳ್ಳುತ್ತವೆ, ಉಳಿದ ಸಾಲುಗಳಲ್ಲಿ ಬಸ್ಸು ಕಾರುಗಳು ಓಡಾಡುತ್ತಲೇ ಇರುತ್ತವೆ. ಅಡಿಯಲ್ಲಿ, ರಿವೆಟ್ಟು ಬಡಿದು ಕೂಡಿಸಿದ ತೊಲೆಗಳು ಆ ಗಂಡಸರು ಬಿಟ್ಟುಹೋದಂತೆಯೇ ಇವೆ.